ಗುರಿಕಾರರ ಪುಸ್ತಕ: ಕ್ರೈಸ್ತ ತಂಡ ನಾಯಕತ್ವದಲ್ಲಿ ಒಡನಾಟದ ಬೆಲೆ

ಕಾಸರಗೋಡು ಜಿಲ್ಲೆಯ ಉತ್ತರ ಭಾಗದ ಇತರ ಹಲವು ಚರ್ಚುಗಳಂತೆ ನಮ್ಮ ಚರ್ಚು ಕೂಡ ಕೇರಳದ ನೆಲದಲ್ಲಿದ್ದರೂ ಮಂಗಳೂರು ಧರ್ಮಪ್ರಾಂತ್ಯಕ್ಕೆ, ಅಂದರೆ ಮಂಗಳೂರಿನ ಬಿಷಪರ ಆಡಳಿತಕ್ಕೆ ಸೇರಿದ್ದು. ಚರ್ಚಿನ ವ್ಯಾಪ್ತಿಯ ಮನೆಗಳನ್ನು ವಾರ್ಡುಗಳಾಗಿ ಹಂಚಿ, ಪ್ರತಿ ವಾರ್ಡಿಗೂ ಒಬ್ಬ ಗುರಿಕಾರರನ್ನು ಆರಿಸುವ ಪದ್ಧತಿ ಇಲ್ಲಿ ಹಿಂದಿನಿಂದಲೂ ಇದೆ. ನಮ್ಮ ವಾರ್ಡಿನ ಹಿಂದಿನ ಗುರಿಕಾರರ ಬಳಿ ಇನ್ನೂರು ಪುಟದ ಒಂದು ನೋಟು ಪುಸ್ತಕವಿತ್ತು. ಮನೆಗೊಂದು ಪುಟ. ಮೇಲೆ ಮನೆಯ ಹೆಸರು, ಕೆಳಗೆ ಮನೆಮಂದಿಯ ಹೆಸರು, ಜ್ಞಾನಸ್ನಾನ ಮತ್ತು ಮದುವೆಯ ತಾರೀಕು. ಇಷ್ಟು ಯಾವ ಚರ್ಚಿನ ಕಚೇರಿಯಲ್ಲಿ ಕೇಳಿದರೂ ಸಿಗುವ ಮಾಹಿತಿ. ಅದರ ಕೆಳಗೆ ಪೆನ್ಸಿಲಿನಲ್ಲಿ ಬರೆದದ್ದು ಮಾತ್ರ ಬೇರೆಲ್ಲೂ ಸಿಗುತ್ತಿರಲಿಲ್ಲ. "ದೊಡ್ಡ ಮಗ ಕುವೈತ್‌ನಲ್ಲಿ, ಫೋನು ಬರುವುದು ಶುಕ್ರವಾರ." "ಅಜ್ಜಿಗೆ ಎಡಕಿವಿ ಕೇಳುವುದಿಲ್ಲ, ಬಲಗಡೆ ಕುಳಿತುಕೊಳ್ಳಬೇಕು." "ಅಡಿಕೆಗೆ ಕೊಳೆರೋಗ, ಈ ವರ್ಷ ವಂತಿಗೆ ಕೇಳಬಾರದು." ಪೆನ್ಸಿಲಿನಲ್ಲೇ ಏಕೆ ಬರೆದಿದ್ದೀರಿ ಎಂದು ಒಮ್ಮೆ ಕೇಳಿದಾಗ ಅವರು, "ಮನೆಯ ಸುಖಕಷ್ಟ ಒಂದೇ ಹಾಗೆ ಇರುತ್ತದಾ ಮಾಸ್ಟ್ರೇ, ಅಳಿಸಿ ಬರೆಯಬೇಕಾಗುತ್ತದೆ" ಎಂದಿದ್ದರು.

ಕ್ರೈಸ್ತ ತಂಡವೊಂದನ್ನು ಮುನ್ನಡೆಸುವುದೆಂದರೆ ಏನು ಎಂಬುದನ್ನು ವಿವರಿಸಲು ಹೊರಟಾಗ ನನಗೆ ಮೊದಲು ನೆನಪಾಗುವುದು ಆ ಪೆನ್ಸಿಲಿನ ಬರಹ. ಗಾಯನ ಮಂಡಳಿ, ಯುವಜನರ ಸಂಘಟನೆ, ಭಾನುವಾರದ ಧರ್ಮೋಪದೇಶದ ಶಿಕ್ಷಕರು, ಪಾಲನಾ ಪರಿಷತ್ತು, ಮಾತೆ ಮರಿಯಮ್ಮನವರ ಜನ್ಮದಿನವಾದ ಮೊಂತಿ ಹಬ್ಬದ ಸಿದ್ಧತಾ ಸಮಿತಿ ಹೀಗೆ ಪ್ರತಿ ಚರ್ಚಿನಲ್ಲೂ ಹತ್ತಾರು ತಂಡಗಳಿರುತ್ತವೆ. ಇವುಗಳ ಹೊಣೆ ಹೊತ್ತವರಲ್ಲಿ ಹೆಚ್ಚಿನವರು, ತಂಡದೊಳಗಿನ ಪ್ರೀತಿ ವಿಶ್ವಾಸವನ್ನು ಗಾಣದ ಕೀಲಿಗೆ ಹಾಕುವ ಎಣ್ಣೆಯಂತೆ ಕಾಣುತ್ತಾರೆ: ಇದ್ದರೆ ಕೆಲಸ ಸಲೀಸು, ಇಲ್ಲದಿದ್ದರೆ ಸ್ವಲ್ಪ ಸದ್ದು, ಹೇಗೂ ಗಾಣ ತಿರುಗುತ್ತದೆ. ಬಹಳ ವರ್ಷ ನಾನೂ ಹಾಗೆಯೇ ತಿಳಿದಿದ್ದೆ. ಆದರೆ ಬೈಬಲಿನ ಎರಡನೆಯ ಭಾಗವಾದ ಹೊಸ ಒಡಂಬಡಿಕೆಯನ್ನು ಗಮನವಿಟ್ಟು ಓದಿದರೆ, ಅಲ್ಲಿ ಒಡನಾಟವು ಕೆಲಸಕ್ಕೆ ನೆರವಾಗುವ ಸಾಧನವಾಗಿ ಬರುವುದಿಲ್ಲ, ನಾಯಕನಿಗೆ ವಹಿಸಿದ ಕೆಲಸದ ಒಂದು ಭಾಗವಾಗಿಯೇ ಬರುತ್ತದೆ.

ಮಾರ್ಕನ ಶುಭಸಂದೇಶದ ಮೂರನೆಯ ಅಧ್ಯಾಯದ ಹದಿನಾಲ್ಕನೆಯ ವಚನವನ್ನೇ ನೋಡಬಹುದು. ಯೇಸುಸ್ವಾಮಿ ಹನ್ನೆರಡು ಮಂದಿಯನ್ನು ಆರಿಸಿದ್ದರ ಉದ್ದೇಶವನ್ನು ಅಲ್ಲಿ ಹೇಳಿದೆ. ಅವರು ತಮ್ಮೊಂದಿಗೆ ಇರಬೇಕು ಎಂಬುದು ಮೊದಲು ಬರುತ್ತದೆ. ಶುಭಸಂದೇಶ ಸಾರಲು ಅವರನ್ನು ಕಳುಹಿಸಬೇಕು ಎಂಬುದು ಅನಂತರ ಬರುತ್ತದೆ. ಈ ಅನುಕ್ರಮವನ್ನು ಓದುಗರು ಸಾಮಾನ್ಯವಾಗಿ ದಾಟಿಹೋಗುತ್ತಾರೆ. ಹೊರಗೆ ಕಳುಹಿಸುವುದಕ್ಕೆ ಮುನ್ನ ಜೊತೆಯಲ್ಲಿ ಇರಿಸಿಕೊಳ್ಳುವುದು, ಅಂದರೆ ಒಟ್ಟಿಗೆ ನಡೆಯುವುದು, ಒಟ್ಟಿಗೆ ಉಣ್ಣುವುದು, ದೋಣಿಯಲ್ಲಿ ಒಟ್ಟಿಗೆ ಹೆದರುವುದು, ಇವೆಲ್ಲ ಆ ಹನ್ನೆರಡು ಮಂದಿಯ ತರಬೇತಿಯೇ ಆಗಿತ್ತು. ಯೊವಾನ್ನನ ಶುಭಸಂದೇಶದ ಹದಿನೈದನೆಯ ಅಧ್ಯಾಯದಲ್ಲಿ, ಇನ್ನು ಮುಂದೆ ನಿಮ್ಮನ್ನು ದಾಸರೆಂದು ಕರೆಯುವುದಿಲ್ಲ, ಸ್ನೇಹಿತರೆಂದು ಕರೆದಿದ್ದೇನೆ ಎಂಬ ಮಾತು ಬರುತ್ತದೆ. ಒಡೆಯ ಮಾಡುವುದು ದಾಸನಿಗೆ ತಿಳಿಯುವುದಿಲ್ಲ, ನಾನಾದರೋ ತಂದೆಯಿಂದ ಕೇಳಿದ್ದನ್ನೆಲ್ಲ ನಿಮಗೆ ತಿಳಿಸಿದ್ದೇನೆ ಎಂದು ಅದಕ್ಕೆ ಕಾರಣವನ್ನೂ ಕೊಡಲಾಗಿದೆ. ಇಲ್ಲಿ ಸ್ನೇಹದ ಗುರುತು ಮನಸ್ಸಿನೊಳಗಿನ ಮಾತನ್ನು ಹಂಚಿಕೊಳ್ಳುವುದೇ ಆಗಿದೆ. ತೀರ್ಮಾನವಾದ ಮೇಲೆ ಸಮಿತಿಗೆ ತಿಳಿಸುವ ನಾಯಕನಿಗೂ, ತೀರ್ಮಾನವಾಗುವ ಮೊದಲೇ ತನ್ನ ಗೊಂದಲವನ್ನು ಸಮಿತಿಯ ಮುಂದಿಡುವ ನಾಯಕನಿಗೂ ಇರುವ ವ್ಯತ್ಯಾಸ ಈ ಒಂದು ವಚನದಿಂದ ಸ್ಪಷ್ಟವಾಗುತ್ತದೆ.

ಸಂತ ಪೌಲನ ಪತ್ರಗಳಲ್ಲಿ ಇದರ ದಾಖಲೆ ಇನ್ನೂ ದಟ್ಟವಾಗಿದೆ. ರೋಮನರಿಗೆ ಬರೆದ ಪತ್ರ ಕ್ರೈಸ್ತ ದೈವಶಾಸ್ತ್ರದ ಅತ್ಯಂತ ಕ್ಲಿಷ್ಟ ಬರಹಗಳಲ್ಲಿ ಒಂದು. ಅದರ ಕೊನೆಯ ಅಧ್ಯಾಯ ಮಾತ್ರ ಬಹುಪಾಲು ಹೆಸರುಗಳ ಪಟ್ಟಿ. ಅದುವರೆಗೆ ತಾನು ಕಾಲಿಟ್ಟಿರದ ಊರಿನ 20ಕ್ಕೂ ಹೆಚ್ಚು ಮಂದಿಗೆ ಪೌಲನು ಹೆಸರು ಹಿಡಿದು ವಂದನೆ ಹೇಳುತ್ತಾನೆ, ಮತ್ತು ಹಲವರ ಹೆಸರಿನ ಜೊತೆಗೆ ಅವರಿಗೇ ಸಲ್ಲುವ ಒಂದು ಮಾತನ್ನು ಸೇರಿಸುತ್ತಾನೆ. ಪ್ರಿಸ್ಕಿಲ್ಲ ಮತ್ತು ಅಕ್ವಿಲ ದಂಪತಿ ತನಗಾಗಿ ಪ್ರಾಣವನ್ನೇ ಒಡ್ಡಿದವರು. ರೂಫನ ತಾಯಿ ತನಗೂ ತಾಯಿಯಾಗಿದ್ದವಳು. ಪತ್ರವನ್ನು ಕೈಬರಹದಲ್ಲಿ ಇಳಿಸಿದ ತೆರ್ತಿಯನಿಗೂ ನಡುವೆ ಒಂದು ಸಾಲು ತನ್ನದೇ ವಂದನೆ ಹೇಳಲು ಅವಕಾಶ ಸಿಕ್ಕಿದೆ. ಪೂಜೆಯಲ್ಲಿ ಈ ಅಧ್ಯಾಯವನ್ನು ಓದುವಾಗ ಜನರ ಗಮನ ಚದುರುವುದುಂಟು. ನನಗಂತೂ ಅದು ಒಬ್ಬ ನಾಯಕನ ಪೆನ್ಸಿಲಿನ ಪುಸ್ತಕದಂತೆಯೇ ಕಾಣುತ್ತದೆ.

ನಾನು ತಪ್ಪಿದ್ದು ಎಲ್ಲಿ ಎಂಬುದನ್ನು ಇಲ್ಲಿಯೇ ಹೇಳಬೇಕು. ಹಲವು ವರ್ಷಗಳ ಹಿಂದೆ ಗಾಯನ ಮಂಡಳಿಯ ಹೊಣೆ ನನ್ನ ಮೇಲಿತ್ತು. ಕ್ರಿಸ್ಮಸ್ಸಿನ ತಯಾರಿ ನಡೆಯುತ್ತಿದ್ದಾಗ ಕೀಬೋರ್ಡ್ ನುಡಿಸುವ ಯುವಕ ಸತತ ಮೂರು ಪ್ರಾಕ್ಟೀಸಿಗೆ ಬರಲಿಲ್ಲ. ನಾಲ್ಕನೆಯದಕ್ಕೆ ಬಂದಾಗ, ಎಲ್ಲರೂ ಕೇಳುವಂತೆ, "ನಿನಗೆ ಪುರುಸೊತ್ತಿಲ್ಲದಿದ್ದರೆ ಹೇಳು, ಬೇರೆಯವರನ್ನು ನೋಡುತ್ತೇವೆ" ಎಂದೆ. ಅವನು ಏನೂ ಹೇಳಲಿಲ್ಲ. ಕ್ರಿಸ್ಮಸ್ ರಾತ್ರಿ ಒಂದು ಸ್ವರವೂ ತಪ್ಪದಂತೆ ನುಡಿಸಿದ, ಕೀಬೋರ್ಡಿಗೆ ಬಟ್ಟೆ ಹೊದಿಸಿದ, ಮತ್ತೆ ಬರಲಿಲ್ಲ. ಅವನ ತಂದೆಯನ್ನು ವಾರಕ್ಕೆ ಎರಡು ಬಾರಿ ಡಯಾಲಿಸಿಸ್‌ಗಾಗಿ ಮಂಗಳೂರಿಗೆ ಕರೆದೊಯ್ಯಬೇಕಾಗಿತ್ತು ಎಂಬುದು ನನಗೆ ತಿಳಿದದ್ದು ಎಂಟು ತಿಂಗಳ ನಂತರ, ಅದೂ ಗುರಿಕಾರರ ಬಾಯಿಂದ. ಅವರ ಪುಸ್ತಕದಲ್ಲಿ ಅದು ಮೊದಲ ವಾರವೇ ದಾಖಲಾಗಿತ್ತು. ವರ್ಷಗಟ್ಟಲೆ ಅವನ ಪಕ್ಕದಲ್ಲೇ ನಿಂತು ಹಾಡಿದ ನನಗೆ ಅವನ ತಾಳ ತಿಳಿದಿತ್ತು, ಶ್ರುತಿ ತಿಳಿದಿತ್ತು, ಮನೆ ತಿಳಿದಿರಲಿಲ್ಲ.

ನಾನು ಅವನ ಮನೆಗೆ ಹೋದಾಗ ಅವನು ಅಂಗಳದಲ್ಲಿ ಹರಡಿದ ಅಡಿಕೆಯನ್ನು ಮಗುಚುತ್ತಿದ್ದ. ಗುರಿಕಾರರು ಹೇಳಿಕೊಟ್ಟಂತೆ ಗಾಯನ ಮಂಡಳಿಯ ವಿಷಯವನ್ನು ಎತ್ತಲಿಲ್ಲ. ತಪ್ಪಾಯಿತು ಎಂದು ಒಂದು ಮಾತು ಹೇಳಿ ನಾನೂ ಅಡಿಕೆ ಮಗುಚಲು ನಿಂತೆ. ಅವನು ಮಂಡಳಿಗೆ ಹಿಂದಿರುಗಲಿಲ್ಲ. ಹಿಂದಿರುಗಿಸಬೇಕೆಂದು ಹೋದದ್ದಾದರೆ ಅದು ಮತ್ತೊಂದು ಬಗೆಯ ಲೆಕ್ಕಾಚಾರವೇ ಆಗುತ್ತಿತ್ತು ಎಂದು ಈಗ ಅನ್ನಿಸುತ್ತದೆ.

ಕಥೋಲಿಕ ಧರ್ಮಸಭೆಯ ಕಾನೂನು ಈ ವಿಷಯವನ್ನು ನಾಯಕನ ಸ್ವಭಾವಕ್ಕೆ ಬಿಟ್ಟಿಲ್ಲ. 1983ರ ಕಾನೂನು ಸಂಹಿತೆಯ 529ನೆಯ ವಿಧಿ, ಧರ್ಮಕೇಂದ್ರದ (ಅಂದರೆ ಒಂದು ಚರ್ಚಿನ ವ್ಯಾಪ್ತಿಯ) ಗುರುಗಳು ತಮಗೆ ಒಪ್ಪಿಸಿದ ಜನರನ್ನು ಬಲ್ಲವರಾಗಿರಬೇಕು, ಅದಕ್ಕಾಗಿ ಮನೆಗಳನ್ನು ಭೇಟಿ ಮಾಡಬೇಕು, ಅವರ ಚಿಂತೆ ಮತ್ತು ದುಃಖಗಳಲ್ಲಿ ಪಾಲುಗೊಳ್ಳಬೇಕು ಎನ್ನುತ್ತದೆ. ಪಾಲನಾ ಪರಿಷತ್ತಿನ ಬಗ್ಗೆ ಹೇಳುವ 536ನೆಯ ವಿಧಿಯ ಪ್ರಕಾರ ಆ ಪರಿಷತ್ತಿಗಿರುವುದು ಸಲಹೆ ಕೊಡುವ ಅಧಿಕಾರ ಮಾತ್ರ. ಈ ಎರಡನ್ನು ಒಟ್ಟಿಗೆ ಇಟ್ಟು ನೋಡಿದಾಗ ಒಂದು ಸಂಗತಿ ಕಾಣುತ್ತದೆ. ಸಲಹೆ ಎಂಬುದು ಪರಸ್ಪರ ನಂಬಿಕೆ ಇದ್ದಲ್ಲಿ ಮಾತ್ರ ಬೆಲೆ ಬಾಳುವ ವಸ್ತು. ಮತದ ಬಲವಿರುವ ಸಮಿತಿಯಲ್ಲಿ ಮಾತು ಬಿಟ್ಟವರೂ ಕೈಯೆತ್ತಿ ತಮ್ಮ ಅಭಿಪ್ರಾಯವನ್ನು ದಾಖಲಿಸಬಹುದು. ಸಲಹೆಯಷ್ಟೇ ಇರುವಲ್ಲಿ, ಗುರುಗಳಿಗೂ ಸದಸ್ಯರಿಗೂ ನಡುವೆ ಮಾತು ಮುರಿದ ದಿನವೇ ಪರಿಷತ್ತು ಹೆಸರಿಗಷ್ಟೇ ಉಳಿಯುತ್ತದೆ.

ನಮ್ಮ ಗಡಿನಾಡಿಗೆ ಹೊಸ ಒಡಂಬಡಿಕೆಯ ಬೇರೆ ಯಾವ ಭಾಗಕ್ಕಿಂತಲೂ ಹತ್ತಿರವಾದದ್ದು ಪ್ರೇಷಿತರ ಕಾರ್ಯಕಲಾಪಗಳ ಆರನೆಯ ಅಧ್ಯಾಯ. ಪ್ರೊಟೆಸ್ಟೆಂಟ್ ಸಭೆಗಳ ಓದುಗರು ಇದೇ ಪುಸ್ತಕವನ್ನು ಅಪೊಸ್ತಲರ ಕೃತ್ಯಗಳು ಎಂದು ಬಲ್ಲರು. ಜೆರುಸಲೇಮಿನ ಮೊದಲ ಕ್ರೈಸ್ತ ಸಮುದಾಯದಲ್ಲಿ ಎದ್ದ ಒಂದು ತಕರಾರಿನ ಹಿಂದೆ ಇದ್ದದ್ದು ಭಾಷೆ. ದಿನದಿನದ ಆಹಾರ ಹಂಚಿಕೆಯಲ್ಲಿ ತಮ್ಮ ವಿಧವೆಯರನ್ನು ಕಡೆಗಣಿಸಲಾಗುತ್ತಿದೆ ಎಂದು ಗ್ರೀಕ್ ಮಾತನಾಡುವವರು ಹೀಬ್ರೂ ಕಡೆಯವರ ಮೇಲೆ ಗೊಣಗಿದರು. ಯಾರೂ ಬೇಕೆಂದೇ ಅನ್ಯಾಯ ಮಾಡಿದರೆಂದು ಅಲ್ಲಿ ಬರೆದಿಲ್ಲ. ಸಪ್ತ ಭಾಷಾ ಸಂಗಮ ಭೂಮಿ ಎನಿಸಿಕೊಂಡ ಕಾಸರಗೋಡಿನವರಿಗೆ ಇದು ಹೇಗೆ ಆಗುತ್ತದೆಂದು ವಿವರಿಸಬೇಕಾಗಿಲ್ಲ. 1956ರ ನವೆಂಬರ್ 1ರಂದು ಈ ಪ್ರದೇಶ ಕೇರಳಕ್ಕೆ ಸೇರಿದ ಮೇಲೆ ಹುಟ್ಟಿ ಬೆಳೆದ ನಾವು, ಒಂದೇ ಸಭೆಯಲ್ಲಿ ಕೊಂಕಣಿಯಲ್ಲಿ ಪ್ರಾರ್ಥಿಸಿ, ಕನ್ನಡದಲ್ಲಿ ವರದಿ ಓದಿ, ತುಳುವಿನಲ್ಲಿ ಚಹಾ ಕುಡಿಯುತ್ತೇವೆ. ದಕ್ಷಿಣ ಕೇರಳದ ತಿರುವಾಂಕೂರಿನಿಂದ ನಮ್ಮ ಜಿಲ್ಲೆಯ ಬೆಟ್ಟಪ್ರದೇಶದತ್ತ ವಲಸೆ ಬಂದ ಕುಟುಂಬಗಳ ಮಕ್ಕಳು ಪಕ್ಕದಲ್ಲಿ ಕುಳಿತು ಮಲಯಾಳದಲ್ಲಿ ಯೋಚಿಸುತ್ತಿರುತ್ತಾರೆ. ಸೂಚನೆ ಒಂದು ಭಾಷೆಯಲ್ಲಿ ಹೊರಟಿತೆಂದರೆ ಇನ್ನೊಂದು ಭಾಷೆಯ ಮನೆಗೆ ಅದು ತಲುಪಿರುವುದಿಲ್ಲ. ತಲುಪದವರು ತಮ್ಮನ್ನು ಬೇಕೆಂದೇ ಬಿಟ್ಟರೆಂದು ತಿಳಿಯುತ್ತಾರೆ, ಕಳುಹಿಸಿದವರು ಅವರಿಗೆ ಆಸಕ್ತಿಯಿಲ್ಲವೆಂದು ತಿಳಿಯುತ್ತಾರೆ.

ಜೆರುಸಲೇಮಿನಲ್ಲಿ ಪ್ರೇಷಿತರು, ಅಂದರೆ ಯೇಸುಸ್ವಾಮಿಯ ಹನ್ನೆರಡು ಮಂದಿ ಶಿಷ್ಯರು, ಮಾಡಿದ ಉಪಾಯ ಗಮನಾರ್ಹವಾದದ್ದು. ಅವರು ಗೊಣಗಾಟವನ್ನು ಅಡಗಿಸಲಿಲ್ಲ, ದೂರು ಕೊಟ್ಟವರನ್ನು ಗದರಿಸಲಿಲ್ಲ; ಇಡೀ ಸಮುದಾಯವನ್ನು ಕರೆದು, ಏಳು ಮಂದಿಯನ್ನು ನೀವೇ ಆರಿಸಿ ಎಂದರು. ಆಯ್ಕೆಯಾದವರ ಹೆಸರುಗಳು ಸ್ತೆಫನ, ಫಿಲಿಪ್ಪ, ಪ್ರೊಖೋರ, ನಿಕಾನೋರ, ತಿಮೋನ, ಪರ್ಮೇನ, ನಿಕೊಲಾಯ. ಏಳೂ ಗ್ರೀಕ್ ಹೆಸರುಗಳು. ಆದ್ದರಿಂದ ಅವರಲ್ಲಿ ಹೆಚ್ಚಿನವರು ದೂರು ಕೊಟ್ಟ ಪಕ್ಷದವರೇ ಇದ್ದಿರಬೇಕೆಂದು ಅನೇಕ ವ್ಯಾಖ್ಯಾನಕಾರರು ಊಹಿಸುತ್ತಾರೆ. ಅಂದರೆ ನೊಂದವರ ಕೈಗೇ ಬಡಿಸುವ ಸೌಟನ್ನು ಕೊಟ್ಟಂತಾಯಿತು. ಸಂಬಂಧಕ್ಕೆ ಬೆಲೆ ಕೊಡುವುದೆಂದರೆ ಎಲ್ಲರೊಡನೆ ನಗುನಗುತ್ತಾ ಇರುವುದು ಎಂದು ತಿಳಿದವರು ಈ ಘಟನೆಯನ್ನು ಮತ್ತೊಮ್ಮೆ ಓದಬೇಕು. ಇಲ್ಲಿ ನಂಬಿಕೆಗೆ ಒಂದು ರೂಪ ಬಂದಿದೆ, ಅಧಿಕಾರ ಕೈಬದಲಾಗಿದೆ, ವ್ಯವಸ್ಥೆ ಹೊಸದಾಗಿದೆ.

ತಂಡದಲ್ಲಿ ಜಗಳವೇ ಆಗಬಾರದೆಂದು ಬಯಸುವವರಿಗೆ ಬಾರ್ನಬ ಮತ್ತು ಪೌಲರ ಕಥೆ ಕಷ್ಟ ಕೊಡುತ್ತದೆ. ಬಾರ್ನಬನ ಮೂಲ ಹೆಸರು ಜೋಸೆಫ್. ಸೈಪ್ರಸ್ ದ್ವೀಪದ ಆ ಲೇವಿಯನಿಗೆ (ಯೆಹೂದ್ಯರ ದೇವಾಲಯ ಸೇವೆಯ ಕುಲದವನಿಗೆ) ಧೈರ್ಯ ತುಂಬುವವನು ಎಂಬ ಅರ್ಥದ ಈ ಹೆಸರನ್ನು ಕೊಟ್ಟವರು ಪ್ರೇಷಿತರು. ಹಿಂದೆ ಕ್ರೈಸ್ತರನ್ನು ಹಿಂಸಿಸುತ್ತಿದ್ದ ಪೌಲನನ್ನು ಜೆರುಸಲೇಮಿನವರು ನಂಬಲು ಹೆದರಿದಾಗ ಅವನ ಕೈಹಿಡಿದು ಒಳಗೆ ಕರೆತಂದವನು ಇದೇ ಬಾರ್ನಬ. ಮುಂದೆ ಇಬ್ಬರೂ ಪ್ರಯಾಣ ಹೊರಟಾಗ ಯುವಕ ಮಾರ್ಕ ಪಂಫೂಲ್ಯದ ಪೆರ್ಗದಿಂದ ನಡುವೆಯೇ ಹಿಂದಿರುಗಿದ. ಎರಡನೆಯ ಪ್ರಯಾಣಕ್ಕೆ ಅವನನ್ನು ಮತ್ತೆ ಕರೆದೊಯ್ಯೋಣ ಎಂದ ಬಾರ್ನಬ. ನಡುವೆ ಬಿಟ್ಟುಹೋದವನು ಬೇಡ ಎಂದ ಪೌಲ. ಮಾತಿಗೆ ಮಾತು ಬೆಳೆದು ಇಬ್ಬರೂ ಬೇರೆಯಾದರು. ಬಾರ್ನಬ ಮಾರ್ಕನನ್ನು ಕರೆದುಕೊಂಡು ಸೈಪ್ರಸ್ಸಿಗೆ ಹೋದ, ಪೌಲ ಸೀಲನೊಂದಿಗೆ ಸಿರಿಯ, ಸಿಲಿಸಿಯದ ಕಡೆಗೆ ಹೋದ.

ಪೌಲನ ವಾದದಲ್ಲಿ ಹುರುಳಿರಲಿಲ್ಲ ಎನ್ನುವಂತಿಲ್ಲ. ಕಠಿಣವಾದ ಪ್ರಯಾಣದಲ್ಲಿ ಕೈಕೊಟ್ಟವನನ್ನು ಮತ್ತೆ ನೆಚ್ಚುವುದು ಉಳಿದವರಿಗೆ ಅಪಾಯ. ಆದರೆ ಬಾರ್ನಬ ನೋಡಿದ್ದು ಒಬ್ಬ ಮನುಷ್ಯ ಏನಾಗಿದ್ದಾನೆ ಎಂಬುದರ ಜೊತೆಗೆ ಏನಾಗಬಲ್ಲ ಎಂಬುದನ್ನು, ಮತ್ತು ಪೌಲನ ವಿಷಯದಲ್ಲೂ ಅವನು ಹಿಂದೆ ಹಾಗೆಯೇ ನೋಡಿದ್ದ. ವರ್ಷಗಳ ನಂತರ, ಪೌಲನ ಹೆಸರಿನಲ್ಲಿರುವ ತಿಮೊಥೇಯನಿಗೆ ಬರೆದ ಎರಡನೆಯ ಪತ್ರದಲ್ಲಿ, ಮಾರ್ಕನನ್ನು ಕರೆದುಕೊಂಡು ಬಾ, ನನ್ನ ಸೇವೆಗೆ ಅವನು ಉಪಯುಕ್ತ ಎಂಬ ಸಾಲು ಬರುತ್ತದೆ. ಪರಂಪರೆಯ ಪ್ರಕಾರ ಮಾರ್ಕನ ಶುಭಸಂದೇಶವನ್ನು ಬರೆದವನೂ ಈ ಮಾರ್ಕನೇ. ನನ್ನ ದೃಷ್ಟಿಯಲ್ಲಿ ತಂಡದ ನಾಯಕನಿಗೆ ಬೇಕಾದದ್ದು ಈ ಇಬ್ಬರ ಗುಣವೂ ಹೌದು, ಒಬ್ಬನೇ ವ್ಯಕ್ತಿಯಲ್ಲಿ ಅವೆರಡೂ ಸಮವಾಗಿ ಇರುವುದು ಅಪರೂಪ. ಆದ್ದರಿಂದಲೇ ಪೌಲನಂಥ ನಾಯಕನ ಪಕ್ಕದಲ್ಲಿ ಒಬ್ಬ ಬಾರ್ನಬ ಇರಬೇಕಾಗುತ್ತದೆ, ಮತ್ತು ಅವನ ಮಾತಿಗೆ ತೂಕ ಇರಬೇಕಾಗುತ್ತದೆ.

ತಿದ್ದುವ ರೀತಿಯ ಬಗ್ಗೆ ಮತ್ತಾಯನ ಶುಭಸಂದೇಶದ ಹದಿನೆಂಟನೆಯ ಅಧ್ಯಾಯ ಸ್ಪಷ್ಟವಾದ ಕ್ರಮವನ್ನೇ ಕೊಡುತ್ತದೆ: ಸಹೋದರನು ತಪ್ಪು ಮಾಡಿದರೆ ಮೊದಲು ನೀನು ಮತ್ತು ಅವನು ಇಬ್ಬರೇ ಇರುವಾಗ ಹೇಳು; ಕೇಳದಿದ್ದರೆ ಒಬ್ಬಿಬ್ಬರನ್ನು ಜೊತೆಗೆ ಕರೆದುಕೊಂಡು ಹೋಗು; ಅನಂತರವಷ್ಟೇ ಸಭೆಗೆ ತಿಳಿಸು. ನಾನು ಕೀಬೋರ್ಡ್ ಯುವಕನ ವಿಷಯದಲ್ಲಿ ಮಾಡಿದ್ದು ಕೊನೆಯ ಮೆಟ್ಟಿಲಿನಿಂದ ಆರಂಭಿಸಿದ ಕೆಲಸ. ವಾಟ್ಸಾಪ್ ಗುಂಪುಗಳು ಬಂದ ಮೇಲೆ ಈ ತಪ್ಪು ಇನ್ನಷ್ಟು ಸುಲಭವಾಗಿದೆ, ಏಕೆಂದರೆ ಅಲ್ಲಿ ಒಬ್ಬರನ್ನು ಉದ್ದೇಶಿಸಿದ ಮಾತೂ ಅರುವತ್ತು ಮಂದಿಯ ಮುಂದೆ ಬೀಳುತ್ತದೆ. ಇದಕ್ಕೆ ಸಂಬಂಧಿಸಿದ ಇನ್ನೊಂದು ನಿಯಮವನ್ನು ಜರ್ಮನಿಯ ದೈವಶಾಸ್ತ್ರಜ್ಞ ಡೀಟ್ರಿಶ್ ಬಾನ್‌ಹಾಫರ್ ತನ್ನ ವಿದ್ಯಾರ್ಥಿಗಳ ನಡುವೆ ಜಾರಿಗೆ ತಂದಿದ್ದ. ನಾಜಿಗಳ ಒತ್ತಡಕ್ಕೆ ಮಣಿಯದ ಸಭೆಗಾಗಿ 1935ರಲ್ಲಿ ಫಿಂಕನ್‌ವಾಲ್ಡೆಯಲ್ಲಿ ಅವನು ನಡೆಸಲು ಆರಂಭಿಸಿದ ಗುರುವಿದ್ಯಾಲಯದಲ್ಲಿ, ಜೊತೆಯವನೊಬ್ಬನ ಬಗ್ಗೆ ಅವನಿಲ್ಲದಾಗ ಮಾತನಾಡಬಾರದು, ಬಾಯಿತಪ್ಪಿ ಮಾತನಾಡಿದರೆ ಅದನ್ನು ಅವನಿಗೇ ಹೋಗಿ ತಿಳಿಸಬೇಕು ಎಂಬ ಕಟ್ಟುಪಾಡಿತ್ತು. 1937ರಲ್ಲಿ ನಾಜಿಗಳ ಗುಪ್ತ ಪೊಲೀಸ್ ಪಡೆಯಾದ ಗೆಸ್ಟಾಪೊ ಆ ವಿದ್ಯಾಲಯವನ್ನು ಮುಚ್ಚಿಸಿತು. ಹೊರಗೆ ಅಷ್ಟು ದೊಡ್ಡ ಅಪಾಯ ಕಾದಿದ್ದಾಗ ಒಳಗಿನ ಹಿಂಬದಿಯ ಮಾತಿನ ಬಗ್ಗೆ ಅವನು ಇಷ್ಟು ಕಟ್ಟುನಿಟ್ಟಾಗಿದ್ದುದಕ್ಕೆ ಕಾರಣ ಊಹಿಸಬಹುದು: ಒಬ್ಬರನ್ನೊಬ್ಬರು ನಂಬದವರು ಹೊರಗಿನ ಒತ್ತಡಕ್ಕೆ ಬೇಗ ಮುರಿಯುತ್ತಾರೆ.

ಇಷ್ಟು ಜನರನ್ನು ಒಬ್ಬ ನಾಯಕ ಹತ್ತಿರದಿಂದ ಬಲ್ಲುದು ಹೇಗೆ ಎಂಬ ಪ್ರಶ್ನೆ ಸಹಜ. ಹಳೆಯ ಒಡಂಬಡಿಕೆಯ ವಿಮೋಚನಾಕಾಂಡದ ಹದಿನೆಂಟನೆಯ ಅಧ್ಯಾಯದಲ್ಲಿ ಮೋಶೆಯ ಮಾವ ಇತ್ರೋ ಇದಕ್ಕೆ ಉತ್ತರ ಕೊಟ್ಟಿದ್ದಾನೆ: ಸಾವಿರ, ನೂರು, ಐವತ್ತು, ಹತ್ತು ಮಂದಿಗೆ ಒಬ್ಬೊಬ್ಬ ನಾಯಕ. ನಮ್ಮ ಗುರಿಕಾರ ಪದ್ಧತಿ ನಡೆಯುವುದೂ ಇದೇ ತತ್ತ್ವದ ಮೇಲೆ. ಬಡವರ ನೆರವಿಗಾಗಿ ನಮ್ಮ ಅನೇಕ ಚರ್ಚುಗಳಲ್ಲಿರುವ ಸಂತ ವಿನ್ಸೆಂಟ್ ಪಾವ್ಲ್ ಸಭೆ 1833ರಲ್ಲಿ ಪ್ಯಾರಿಸಿನಲ್ಲಿ, 20 ವರ್ಷದ ವಿದ್ಯಾರ್ಥಿ ಫ್ರೆಡರಿಕ್ ಓಜಾನಾಮ್ ಮತ್ತು ಅವನ ಗೆಳೆಯರಿಂದ ಆರಂಭವಾದದ್ದು. ಅದರ ಮೂಲ ಕೆಲಸ ಮನೆಭೇಟಿ, ಅದೂ ಇಬ್ಬಿಬ್ಬರಾಗಿ. ಹಣವನ್ನು ಕಚೇರಿಯಲ್ಲಿ ಕುಳಿತು ಹಂಚಬಹುದಿತ್ತು. ಮನೆಗೆ ಹೋಗಿ ಕುಳಿತುಕೊಳ್ಳಬೇಕು ಎಂಬುದೇ ಆ ಯುವಕರು ಹಿಡಿದ ದಾರಿ.

2020ರ ಮಾರ್ಚಿನಲ್ಲಿ ಲಾಕ್‌ಡೌನ್ ಆಗಿ ತಲಪಾಡಿಯಲ್ಲಿ ಗಡಿ ಮುಚ್ಚಿದಾಗ ಇದರ ಅರ್ಥ ನಮ್ಮ ಕಣ್ಣಮುಂದೆ ಬಂತು. ಚಿಕಿತ್ಸೆಗೆ ಮಂಗಳೂರನ್ನೇ ನೆಚ್ಚಿದ್ದ ಕಾಸರಗೋಡಿನ ರೋಗಿಗಳು ದಾಟಲಾಗದೆ ನಿಂತರು, ವಿಷಯ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ನಮ್ಮ ಪರಿಷತ್ತು ಫೋನಿನಲ್ಲಿ ಸಭೆ ಸೇರಿ, ಯಾರ ಮನೆಯಲ್ಲಿ ಯಾವ ಔಷಧ ಬೇಕಾಗಿದೆ ಎಂಬ ಸಮೀಕ್ಷೆ ಮಾಡೋಣ ಎಂದು ನಿರ್ಧರಿಸುವಷ್ಟರಲ್ಲಿ, ನಮ್ಮ ಗುರಿಕಾರರು ಇನ್ಸುಲಿನ್ ತೆಗೆದುಕೊಳ್ಳುವ ಮೂರು ಮನೆಗಳ, ರಕ್ತದೊತ್ತಡದ ಗುಳಿಗೆ ಮುಗಿಯಲಿರುವ ಐದು ಮನೆಗಳ ಹೆಸರನ್ನು ಓದಿ ಹೇಳಿದರು. ಸಮೀಕ್ಷೆಯ ಅಗತ್ಯ ನಮ್ಮ ವಾರ್ಡಿಗೆ ಬರಲಿಲ್ಲ.

ಒಡನಾಟಕ್ಕೆ ಇಷ್ಟು ಬೆಲೆ ಕೊಡುವಾಗ ಅದರ ಕೇಡುಗಳನ್ನೂ ಹೇಳಬೇಕು. ನಾಯಕನಿಗೆ ಹತ್ತಿರದವರೇ ಪ್ರತಿ ಸಮಿತಿಯಲ್ಲೂ ತುಂಬಿಕೊಳ್ಳುವುದು, ನಾಲ್ಕು ಮನೆತನಗಳ ಸುತ್ತಲೇ ಚರ್ಚಿನ ವ್ಯವಹಾರ ತಿರುಗುವುದು ನಮ್ಮ ಕಡೆ ಹೊಸದಲ್ಲ. ಪ್ರೀತಿ ಇದೆಯೆಂದು ಲೆಕ್ಕಪತ್ರ ಕೇಳದಿರುವುದು ಇನ್ನೊಂದು. ಕಾನೂನು ಸಂಹಿತೆಯ 537ನೆಯ ವಿಧಿ ಪ್ರತಿ ಧರ್ಮಕೇಂದ್ರಕ್ಕೂ ಹಣಕಾಸು ಮಂಡಳಿಯನ್ನು ಕಡ್ಡಾಯ ಮಾಡಿದೆ. ರಸೀದಿ ಕೇಳುವುದು ಅಪನಂಬಿಕೆಯ ಗುರುತಾಗುವುದಿಲ್ಲ, ನಂಬಿಕೆ ಹಾಳಾಗದಂತೆ ಕಾಯುವ ಬೇಲಿಯಾಗುತ್ತದೆ. ಮೂರನೆಯದು ಎಲ್ಲಕ್ಕಿಂತ ಗಂಭೀರವಾದದ್ದು. ಮಕ್ಕಳ ಜೊತೆ, ಯುವಜನರ ಜೊತೆ, ಸಂಕಟದಲ್ಲಿರುವವರ ಜೊತೆ ಒಡನಾಡುವ ನಾಯಕನ ಕೈಯಲ್ಲಿ ಅಧಿಕಾರ ಇರುತ್ತದೆ, ಆ ಅಧಿಕಾರ ಸ್ನೇಹದ ವೇಷ ತೊಟ್ಟಾಗ ಎದುರಿನವರಿಗೆ ಬೇಡ ಎನ್ನಲು ಬಾಯಿ ಬರುವುದಿಲ್ಲ. ಭೇಟಿಗೆ ಇಬ್ಬರು ಹೋಗುವುದು, ಬಾಗಿಲು ತೆರೆದಿರುವುದು, ಪೋಷಕರಿಗೆ ಗೊತ್ತಿರುವುದು ಇಂಥ ಕಡೆ ತಪ್ಪಲೇಬಾರದ ನಿಯಮಗಳು.

ಕೇಳಿದ್ದನ್ನು ಕಾಪಾಡುವುದು ಇವೆಲ್ಲದರಷ್ಟೇ ಮುಖ್ಯ. ಗುರಿಕಾರರಿಗೆ ಕಣ್ಣು ಮಂಜಾಗಿ, ಈಚೆಗೆ ಹೊಣೆಯನ್ನು ನಮ್ಮ ವಾರ್ಡಿನ ಒಬ್ಬ ತಾಯಿಗೆ ಒಪ್ಪಿಸಿದರು. ಪುಸ್ತಕವನ್ನು ಕೊಡುವ ಸಂಜೆ ನಾನೂ ಅಲ್ಲಿದ್ದೆ. ಮಾತನಾಡುತ್ತಾ ಪುಟ ತಿರುವುತ್ತಿದ್ದವರು ಎರಡು ಕಡೆ ನಿಂತರು, ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ಓದಿದರು, ಆ ಎರಡು ಹಾಳೆಗಳನ್ನು ಹೊಲಿಗೆಯ ಬಳಿಯಿಂದ ಮೆಲ್ಲಗೆ ಹರಿದು ಮಡಚಿದರು. ಹೊಸ ಗುರಿಕಾರರು, "ಆ ಮನೆಗಳ ಪುಟ ಬೇಡವಾ ಬಾಪು?" ಎಂದು ಕೇಳಿದರು. "ಮನೆ ನಿನಗೆ ಬೇಕು ಮಗಾ, ನೀನೇ ಹೋಗಿ ಹೊಸದಾಗಿ ಬರೆದುಕೋ" ಎಂದು ಅವರು ಎದ್ದು ಅಡುಗೆಮನೆಯ ಒಲೆಯ ಕಡೆ ನಡೆದರು.